ರಕ್ತಕಣದಲ್ಲಿ ಉಳಿದ ಸಕ್ಕರೆಯ ಗುರುತು

ಆರೋಗ್ಯವಂತ ವಯಸ್ಕರೊಬ್ಬರ ಮೈಯಲ್ಲಿ ಹರಿಯುವ ಸುಮಾರು ಐದು ಲೀಟರ್ ರಕ್ತದಲ್ಲಿ ಕರಗಿರುವ ಗ್ಲುಕೋಸನ್ನೆಲ್ಲ ಒಟ್ಟುಗೂಡಿಸಿದರೆ ಸಿಗುವುದು ನಾಲ್ಕೈದು ಗ್ರಾಂ, ಹೆಚ್ಚೆಂದರೆ ಒಂದು ಟೀ ಚಮಚದಷ್ಟು. ಮಿದುಳೊಂದೇ ದಿನಕ್ಕೆ ನೂರು ಗ್ರಾಮಿಗೂ ಹೆಚ್ಚು ಗ್ಲುಕೋಸನ್ನು ಬಳಸಿಕೊಳ್ಳುತ್ತದೆ. ಒಂದು ಹೊತ್ತಿನ ಊಟಕ್ಕೆಂದು ಬೇಯಿಸಿದ 75 ಗ್ರಾಂ ಅಕ್ಕಿ ಜೀರ್ಣವಾದಾಗ ಕರುಳಿನಿಂದ ರಕ್ತಕ್ಕೆ ಇಳಿಯುವ ಗ್ಲುಕೋಸ್ 50 ಗ್ರಾಮಿಗೂ ಮೀರುತ್ತದೆ. ಅಷ್ಟು ಒಳಗೆ ಬರುತ್ತಿದ್ದರೂ ಅಷ್ಟು ಖರ್ಚಾಗುತ್ತಿದ್ದರೂ ರಕ್ತದಲ್ಲಿರುವ ಆ ಒಂದು ಚಮಚ ಮಾತ್ರ ಹಗಲಿರುಳು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ದೇಹ ಸದ್ದಿಲ್ಲದೆ ನಡೆಸುವ ಕೆಲಸಗಳಲ್ಲಿ ಇಷ್ಟು ನಾಜೂಕಾದವು ಬಹಳ ಇಲ್ಲ.

ಈ ಮಟ್ಟವನ್ನು ಕಾಯುವುದು ಮೇದೋಜೀರಕ ಗ್ರಂಥಿಯೊಳಗಿನ ಬೀಟಾ ಕೋಶಗಳು. ರಕ್ತದಲ್ಲಿ ಗ್ಲುಕೋಸ್ ಏರತೊಡಗಿದ ಕೂಡಲೇ ಅವು ಇನ್ಸುಲಿನ್ ಸ್ರವಿಸುತ್ತವೆ. ಅದರ ಸಂಕೇತ ಸಿಕ್ಕ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲುಕೋಸನ್ನು ಒಳಕ್ಕೆ ಎಳೆದುಕೊಂಡರೆ, ಯಕೃತ್ತು ತಾನು ತಯಾರಿಸಿ ಹೊರಬಿಡುತ್ತಿದ್ದ ಗ್ಲುಕೋಸನ್ನು ತಡೆಹಿಡಿಯುತ್ತದೆ. ಎರಡನೇ ಬಗೆಯ ಮಧುಮೇಹದಲ್ಲಿ ಮೊದಲು ಮಂಕಾಗುವುದು ಈ ಸಂಕೇತಕ್ಕೆ ಬರಬೇಕಾದ ಉತ್ತರ. ಸ್ನಾಯುವೂ ಯಕೃತ್ತೂ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಾದಾಗ ಬೀಟಾ ಕೋಶಗಳು ಇನ್ನಷ್ಟು ಇನ್ಸುಲಿನ್ ಸುರಿಸಿ ಕೆಲವು ವರ್ಷ ಕೊರತೆ ಕಾಣದಂತೆ ನೋಡಿಕೊಳ್ಳುತ್ತವೆ. ಆಮೇಲೆ ಅವೂ ಸೋಲುತ್ತವೆ. ರಕ್ತದ ಗ್ಲುಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡ ಅದನ್ನು ಪೂರ್ತಿ ಹಿಂದಕ್ಕೆ ಪಡೆಯಲಾರದು. ಮೂತ್ರದಲ್ಲಿ ಸಕ್ಕರೆ ಹೋಗುವುದು, ಅದರ ಹಿಂದೆ ನೀರು ಹೋಗುವುದು, ಬಾಯಾರಿಕೆ ಹತ್ತುವುದು ಈ ಘಟ್ಟದಲ್ಲಿ. ಆ ಹೊತ್ತಿಗೆ ಕಾಯಿಲೆ ಒಳಗೆ ಬೇರೂರಿ ವರ್ಷಗಳೇ ಕಳೆದಿರುತ್ತವೆ. ಬ್ರಿಟನ್ನಿನಲ್ಲಿ 1977ರಿಂದ ಇಪ್ಪತ್ತು ವರ್ಷ ನಡೆದ ದೊಡ್ಡ ಅಧ್ಯಯನವೊಂದು ಆಗಷ್ಟೇ ಮಧುಮೇಹ ಪತ್ತೆಯಾದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ದಿನವೇ ಕಣ್ಣು, ನರ, ಮೂತ್ರಪಿಂಡ ಅಥವಾ ರಕ್ತನಾಳದಲ್ಲಿ ಹಾನಿಯ ಒಂದಲ್ಲ ಒಂದು ಗುರುತು ಕಂಡಿತ್ತು.

ನೀಲಗಿರಿ ಬೆಟ್ಟದ ಉತ್ತರದ ಬುಡದಲ್ಲಿ, ಮುದುಮಲೈ ಹುಲಿ ಮೀಸಲು ಪ್ರದೇಶದ ಅಂಚಿಗೆ ಅಂಟಿಕೊಂಡಿರುವ ಮಸಿನಗುಡಿಯಂಥ ಊರಿನಲ್ಲಿ ಈ ಪತ್ತೆ ಇನ್ನೂ ತಡವಾಗಿ ಆಗುವುದಕ್ಕೆ ಕಾರಣಗಳಿವೆ. ಕಾಲಿನ ಗಾಯ ಮಾಯದಿದ್ದಾಗ, ಕಣ್ಣು ಮಂಜಾದಾಗ, ಬಸುರಿಯ ತಪಾಸಣೆಯಲ್ಲಿ, ಇಲ್ಲವೇ ಬೇರೆ ಯಾವುದೋ ಶಸ್ತ್ರಚಿಕಿತ್ಸೆಗೆಂದು ರಕ್ತ ಕೊಟ್ಟಾಗ ‘ಷುಗರ್ ಇದೆ’ ಎಂಬ ಮಾತು ಮೊದಲ ಸಲ ಕೇಳಿಬರುತ್ತದೆ. ಊರಿನ ಆರೋಗ್ಯ ಕೇಂದ್ರವನ್ನು ಬಿಟ್ಟರೆ ಹೆಚ್ಚಿನ ಪರೀಕ್ಷೆಗೆ ಒಂದೋ ತೆಪ್ಪಕಾಡಿನ ಮೇಲೆ ಗೂಡಲೂರಿಗೆ ಹೋಗಬೇಕು, ಇಲ್ಲವೇ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿ ಊಟಿ ಸೇರಬೇಕು. ಊಟಿಯ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾದದ್ದು 2022ರ ಜನವರಿಯಲ್ಲಿ. ಅದಕ್ಕೂ ಮುಂಚೆ ದೊಡ್ಡಾಸ್ಪತ್ರೆ ಎಂದರೆ ಅನೇಕರಿಗೆ ಮೈಸೂರೇ ಆಗಿತ್ತು. ಆ ದಾರಿ ಬಂಡೀಪುರದ ಕಾಡಿನೊಳಗೆ ಹಾಯುತ್ತದೆ, 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಇಂಥ ಊರಿನಲ್ಲಿ ಒಂದು ದಿನದ ಕೂಲಿ ಬಿಟ್ಟು ಮಾಡಿಸಿಕೊಂಡು ಬಂದ ಪರೀಕ್ಷೆಯ ಅಂಕಿ ನಿಜ ಹೇಳಬೇಕಾದದ್ದು ಬಹಳ ಮುಖ್ಯ. ಆದರೆ ಹೆಚ್ಚು ಭರವಸೆಯ ಪರೀಕ್ಷೆಯೆಂದು ಇಂದು ಎಲ್ಲೆಡೆ ಬಳಕೆಯಲ್ಲಿರುವ ಒಂದು ಅಳತೆಯನ್ನು ನೀಲಗಿರಿಯ ಸುತ್ತಮುತ್ತ ಸ್ವಲ್ಪ ಎಚ್ಚರದಿಂದಲೇ ಓದಬೇಕಾಗುತ್ತದೆ.

ಆ ಪರೀಕ್ಷೆಯ ಹೆಸರು ಎಚ್‌ಬಿಎ1ಸಿ. ಜನ ಅದನ್ನು ‘ಮೂರು ತಿಂಗಳ ಷುಗರ್’ ಎನ್ನುತ್ತಾರೆ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವ ಪ್ರೋಟೀನು. ರಕ್ತದಲ್ಲಿರುವ ಗ್ಲುಕೋಸ್ ಯಾವ ಕಿಣ್ವದ ಸಹಾಯವೂ ಇಲ್ಲದೆ ಈ ಪ್ರೋಟೀನಿನ ಸರಪಳಿಯ ತುದಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ಆ ಕಣ ಸಾಯುವ ತನಕ ಬಿಡುವುದಿಲ್ಲ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಒಟ್ಟು ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟಕ್ಕೆ ಸಕ್ಕರೆ ಅಂಟಿದೆ ಎಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಗ್ಲುಕೋಸ್ ಎಷ್ಟಿತ್ತೆಂಬುದು ಗೊತ್ತಾಗುತ್ತದೆ. ಮಧುಮೇಹಿಗಳ ರಕ್ತದಲ್ಲಿ ಈ ಬಗೆಯ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು ಮೊದಲು ಗಮನಿಸಿದವರು ಇರಾನಿನ ವೈದ್ಯ ಸ್ಯಾಮ್ಯುಯೆಲ್ ರಹಬರ್. 1968ರಲ್ಲಿ ಅವರು ಹುಡುಕುತ್ತಿದ್ದದ್ದು ಹಿಮೋಗ್ಲೋಬಿನ್ನಿನ ಅಸಹಜ ರೂಪಗಳನ್ನು. ಅವರ ಕಣ್ಣಿಗೆ ಬಿದ್ದ ಆ ವಿಚಿತ್ರ ಪಟ್ಟಿ ಕಾಯಿಲೆಯನ್ನು ಅಳೆಯುವ ಸಾಧನವಾಗಲು ಇನ್ನೂ ಹಲವು ವರ್ಷಗಳು ಬೇಕಾದವು.

ಸೌದೆ ಒಲೆಯ ಅಡುಗೆಮನೆಯಲ್ಲಿ ಜಂತೆಗೆ ಹತ್ತುವ ಹೊಗೆಮಸಿಯನ್ನು ನೋಡಿ ಆ ಮನೆಯ ಒಲೆ ಎಷ್ಟು ಉರಿದಿದೆ ಎಂದು ಅಂದಾಜು ಮಾಡಬಹುದು. ಈ ಪರೀಕ್ಷೆಯ ತರ್ಕವೂ ಅದೇ. ಒಂದು ಬೆಳಗಿನ ಬೆಂಕಿಯನ್ನಷ್ಟೇ ನೋಡದೆ ಒಂದು ಕಾಲಾವಧಿಯ ಬೆಂಕಿಯನ್ನು ಅದು ಲೆಕ್ಕ ಹಾಕುತ್ತದೆ. ಆದರೆ ಜಂತೆಯನ್ನು ನಡುನಡುವೆ ಬದಲಾಯಿಸುತ್ತಿರುವ ಮನೆಯಲ್ಲಿ ಒಲೆ ಎಷ್ಟೇ ಉರಿದರೂ ಮಸಿ ಕಡಿಮೆ ಕಾಣುತ್ತದೆ. ಕೆಂಪು ಕಣಗಳು 120 ದಿನ ಬಾಳದೆ ಬೇಗ ಸತ್ತು ಹೊಸವು ಬರುತ್ತಿದ್ದರೆ, ಸಕ್ಕರೆ ಅಂಟಲು ಸಾಕಷ್ಟು ಸಮಯವೇ ಸಿಗದೆ ಅಂಕಿ ನಿಜಕ್ಕಿಂತ ಕೆಳಗೆ ಬರುತ್ತದೆ.

ಕೆಂಪು ಕಣಗಳು ಬೇಗ ಸಾಯುವ ವಂಶಪಾರಂಪರ್ಯದ ಕಾಯಿಲೆಯೊಂದು ನೀಲಗಿರಿಯಲ್ಲಿ ಹಳೆಯ ನಿವಾಸಿ. ಅದು ಕುಡುಗೋಲು ಕಣ ರೋಗ, ಆಸ್ಪತ್ರೆಗಳಲ್ಲಿ ಹೇಳುವ ಸಿಕಲ್ ಸೆಲ್. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ಆರನೆಯ ಸ್ಥಾನದಲ್ಲಿರಬೇಕಾದ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂದು ಕೂರುವುದಷ್ಟೇ ಅದರ ಮೂಲ. ತಂದೆ ತಾಯಿ ಇಬ್ಬರಿಂದಲೂ ಈ ಗುಣ ಬಂದವರಲ್ಲಿ ಆಮ್ಲಜನಕ ಕಡಿಮೆಯಾದಾಗ ಕಣಗಳು ಬಾಗಿ, ಒಡೆದು, ಕೆಲವೇ ವಾರಗಳಲ್ಲಿ ನಾಶವಾಗುತ್ತವೆ. ಒಬ್ಬರಿಂದ ಮಾತ್ರ ಬಂದವರು ವಾಹಕರು. ಅವರು ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲದೆ ಬದುಕುತ್ತಾರೆ, ಮಲೇರಿಯಾದ ಮಾರಕ ರೂಪದಿಂದ ಒಂದಿಷ್ಟು ರಕ್ಷಣೆಯನ್ನೂ ಪಡೆಯುತ್ತಾರೆ. ಮಲೇರಿಯಾಕ್ಕೆ ಹೆಸರಾಗಿದ್ದ ಕಾಡುಗಳಲ್ಲಿ ಈ ಗುಣ ತಲೆಮಾರುಗಳನ್ನು ದಾಟಿ ಉಳಿದುಬಂದದ್ದಕ್ಕೆ ಅದೇ ಕಾರಣ. ಭಾರತದಲ್ಲಿ ಇದರ ಮೊದಲ ವೈಜ್ಞಾನಿಕ ವರದಿಗಳು ಬಂದದ್ದು 1952ರಲ್ಲಿ. ಒಂದು ಅಸ್ಸಾಮಿನ ಚಹಾ ತೋಟದ ಕಾರ್ಮಿಕರ ಬಗ್ಗೆ, ಇನ್ನೊಂದು ನೀಲಗಿರಿಯ ಜನರ ಬಗ್ಗೆ. ಲೆಹ್ಮನ್ ಮತ್ತು ಕಟ್‌ಬುಶ್ ಎಂಬ ಸಂಶೋಧಕರು ಇಲ್ಲಿನ ಇರುಳ, ಕುರುಂಬ, ಪಣಿಯ ಸಮುದಾಯಗಳಲ್ಲಿ ಅದನ್ನು ಕಂಡು ದಾಖಲಿಸಿದರು.

ಹೀಗಿರುವಾಗ ಮಸಿನಗುಡಿಯ ಸುತ್ತಲಿನ ಹಾಡಿಗಳಿಂದ ಬಂದವರೊಬ್ಬರ ‘ಮೂರು ತಿಂಗಳ ಷುಗರ್’ 6.3 ಎಂದು ಬಂದರೆ ಆ ಅಂಕಿಯ ಅರ್ಥವೇನು? 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ, 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು ಎಂಬುದು ಈಗ ಬಳಕೆಯಲ್ಲಿರುವ ಗಡಿ. ಅಮೆರಿಕದಲ್ಲಿ ಆಫ್ರಿಕನ್ ಮೂಲದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಕ್ತದ ಗ್ಲುಕೋಸ್ ಒಂದೇ ಆಗಿದ್ದರೂ ಕುಡುಗೋಲು ಕಣದ ವಾಹಕರಲ್ಲಿ ಈ ಅಂಕಿ ಸರಾಸರಿ 0.3ರಷ್ಟು ಕಡಿಮೆ ಬರುತ್ತದೆ. ಅಂದರೆ 6.3 ಎಂದು ತೋರಿಸಿದ ವಾಹಕರೊಬ್ಬರ ನಿಜವಾದ ಸ್ಥಿತಿ ಗಡಿಯ ಆಚೆಗಿರಬಹುದು. ಕಾಯಿಲೆಯೇ ಇರುವವರಲ್ಲಂತೂ ಈ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಇದಕ್ಕೆ ವಿರುದ್ಧವಾದ ದಾರಿತಪ್ಪಿಸುವಿಕೆಯೂ ಉಂಟು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದವರಲ್ಲಿ ಇದೇ ಅಂಕಿ ನಿಜಕ್ಕಿಂತ ಮೇಲೆ ಬರಬಹುದು. ಹೆಂಗಸರಲ್ಲಿ ಆ ಕೊರತೆ ಎಷ್ಟು ಸಾಮಾನ್ಯ ಎಂಬುದನ್ನು ನೆನೆದರೆ ಒಂದೇ ಹಾಳೆಯ ಒಂದೇ ಅಂಕಿಯಿಂದ ತೀರ್ಪು ಕೊಡುವುದು ಸಲ್ಲದು ಎಂಬುದು ಸ್ಪಷ್ಟವಾಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ರಾತ್ರಿ ಊಟವಾಗಿ ಎಂಟು ಗಂಟೆಗೂ ಹೆಚ್ಚು ಕಳೆದ ಮೇಲೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದ ಗ್ಲುಕೋಸ್ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ 75 ಗ್ರಾಂ ಗ್ಲುಕೋಸ್ ಕುಡಿದು ಎರಡು ಗಂಟೆಯ ನಂತರ 200 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಮಧುಮೇಹ. ಲಕ್ಷಣಗಳೇನೂ ಇಲ್ಲದವರಲ್ಲಿ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಈ ಅಳತೆಗಳಿಗೂ ಕೆಂಪು ಕಣದ ಆಯುಸ್ಸಿಗೂ ಸಂಬಂಧವಿಲ್ಲ. ಮುಂದೆ ಹತೋಟಿ ಹೇಗಿದೆಯೆಂದು ನೋಡಲು ಫ್ರಕ್ಟೋಸಮೈನ್ ಎಂಬ ಇನ್ನೊಂದು ಪರೀಕ್ಷೆಯಿದೆ. ಅದು ರಕ್ತರಸದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯನ್ನು ಅಳೆದು ಎರಡು ಮೂರು ವಾರಗಳ ಲೆಕ್ಕ ಕೊಡುತ್ತದೆ. ಆದಿವಾಸಿಗಳಿಗಾಗಿಯೇ 1990ರಲ್ಲಿ ಶುರುವಾದ ಗೂಡಲೂರು ಆದಿವಾಸಿ ಆಸ್ಪತ್ರೆಗೆ ಕುಡುಗೋಲು ಕಣ ರೋಗದ ಆರೈಕೆಯಲ್ಲಿ ದೀರ್ಘ ಅನುಭವವಿದೆ. 2023ರ ಜುಲೈ 1ರಂದು ದೇಶದ ಮಟ್ಟದಲ್ಲಿ ಆರಂಭವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನವೂ ತಮಿಳುನಾಡು, ಕರ್ನಾಟಕ ಎರಡನ್ನೂ ಒಳಗೊಂಡಿದೆ. ಆ ಅಭಿಯಾನದಲ್ಲಿ ಸಿಕ್ಕ ಚೀಟಿಯನ್ನೂ ಷುಗರ್ ಪರೀಕ್ಷೆಯ ಚೀಟಿಯನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ವೈದ್ಯರ ಮುಂದೆ ಇಡುವುದು ಈ ಭಾಗದ ಹೊಸ ರೋಗಿಗೆ ಮೊದಲ ಮತ್ತು ಬಹು ದೊಡ್ಡ ಸಹಾಯ.

ರೋಗ ಖಚಿತವಾದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಬೇರೆ. ಮೈಯಲ್ಲಿ ಕೊಬ್ಬಿಲ್ಲ, ದಿನವಿಡೀ ದುಡಿಮೆ, ಸಿಹಿ ತಿನ್ನುವ ಚಟವೂ ಇಲ್ಲ, ಹೀಗಿದ್ದವರಿಗೆ ಇದು ಯಾಕೆ ಬಂತು? ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿ ಇದಕ್ಕೆ ಉತ್ತರದ ಒಂದು ಭಾಗವನ್ನು ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ದೇಹದ ಕೊಬ್ಬು ಒಬ್ಬರಲ್ಲಿ ಶೇಕಡಾ 9.1 ಇದ್ದರೆ ಇನ್ನೊಬ್ಬರಲ್ಲಿ 21.2. ಹೆಚ್ಚಿನ ಕೊಬ್ಬಿದ್ದದ್ದು ಭಾರತೀಯ ಮೈಯಲ್ಲಿ. ತೆಳ್ಳಗೆ ಕಾಣುವ ದೇಹದಲ್ಲೂ ಸ್ನಾಯು ಕಡಿಮೆಯಿದ್ದು, ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೊಬ್ಬು ಕೂತಿರಬಹುದು. ಇನ್ಸುಲಿನ್ ಸಂಕೇತವನ್ನು ಮಂಕುಗೊಳಿಸುವುದು ಆ ಒಳಗಿನ ಕೊಬ್ಬೇ. ರೋಗ ಬಂದವರನ್ನು ತಿಂದದ್ದರ ಫಲವೆಂದು ಹಳಿಯುವ ನೆಂಟರಿಷ್ಟರಿಗೆ ಈ ಚಿತ್ರ ಗೊತ್ತಿದ್ದರೆ ಎಷ್ಟೋ ಮನಸ್ಸುಗಳ ನೋವು ತಪ್ಪುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಅಷ್ಟು ಜನ ತಪ್ಪಿತಸ್ಥರಾಗಿರಲು ಸಾಧ್ಯವಿಲ್ಲ.

ಊಟದ ವಿಷಯದಲ್ಲಿ ಮಸಿನಗುಡಿಯಿರುವ ಸೀಗೂರು ಬಯಲಿನ ಬದಲಾವಣೆ ನೆರೆಯ ಮೈಸೂರು ಸೀಮೆಯ ಬದಲಾವಣೆಯನ್ನು ಹೋಲುತ್ತದೆ. ರಾಗಿ, ಸಾಮೆ, ನವಣೆ, ಹುರುಳಿ, ಅವರೆಗಳ ಜಾಗವನ್ನು ಬಿಳಿ ಅಕ್ಕಿ ಆಕ್ರಮಿಸಿಕೊಂಡಿದೆ. ಕಾಡುಪ್ರಾಣಿಗಳ ಕಾಟಕ್ಕೆ ಹೊಲ ಬಿಟ್ಟವರಿಗೂ ಕಾಡಿನ ಗೆಡ್ಡೆ ಗೆಣಸಿನ ದಾರಿ ಕಿರಿದಾದವರಿಗೂ ರೇಷನ್ ಅಕ್ಕಿ ಹಸಿವನ್ನು ನೀಗಿಸಿದೆ. ಅದನ್ನು ಕಡೆಗಣಿಸಿ ಮಾತಾಡುವುದು ನ್ಯಾಯವಲ್ಲ. ತಮಿಳುನಾಡಿನಲ್ಲಿ ಆ ಅಕ್ಕಿ 2011ರಿಂದ ಉಚಿತ. 2023ರ ಮೇ ತಿಂಗಳಿಂದ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ರೇಷನ್ ಅಂಗಡಿಗಳಲ್ಲಿ ಎರಡು ಕಿಲೋ ಅಕ್ಕಿಯ ಬದಲಿಗೆ ಎರಡು ಕಿಲೋ ರಾಗಿ ಕೊಡುವ ಪ್ರಯೋಗ ಶುರುವಾಯಿತು. ಸಣ್ಣ ಪ್ರಮಾಣವಾದರೂ ಅದು ಸರಿಯಾದ ದಿಕ್ಕು.

ಆದರೂ ರಾಗಿಯ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ಷುಗರ್ ಎಂದ ಕೂಡಲೇ ಎರಡು ಹೊತ್ತೂ ದೊಡ್ಡ ಮುದ್ದೆಗೆ ಹೊರಳಿದವರು ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿಯದ್ದನ್ನು ಕಂಡು ಎದೆಗುಂದುತ್ತಾರೆ. ರಾಗಿಯೂ ಪಿಷ್ಟವೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವೂ 11 ಗ್ರಾಂ ನಾರೂ ಇವೆ. ಬಿಳಿ ಅಕ್ಕಿಯಲ್ಲಿ ಶರ್ಕರಪಿಷ್ಟ 78 ಗ್ರಾಂ, ನಾರು ಮೂರು ಗ್ರಾಮಿಗೂ ಕಡಿಮೆ. ನಾರು ಜೀರ್ಣಕ್ರಿಯೆಯನ್ನು ನಿಧಾನಗೊಳಿಸಿ ಗ್ಲುಕೋಸ್ ಒಮ್ಮೆಲೇ ಏರದಂತೆ ತಡೆಯುತ್ತದೆ, ನಿಜ. ಹಿಟ್ಟನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ಚೆನ್ನಾಗಿ ಬೇಯಿಸಿದಷ್ಟೂ ಆ ಅನುಕೂಲ ಕರಗುತ್ತದೆ. ಹೀಗಾಗಿ ಮುದ್ದೆಯ ಗಾತ್ರ ಕಡಿಮೆಯಾಗಿ, ಅದರ ಜೊತೆ ಹುರುಳಿಕಾಳಿನ ಬಸ್ಸಾರೋ ಸೊಪ್ಪಿನ ಪಲ್ಯವೋ ಮೊಟ್ಟೆಯೋ ಮೀನೋ ಹೆಚ್ಚಾದಾಗ ಮಾತ್ರ ತಟ್ಟೆ ನಿಜವಾಗಿ ಬದಲಾಗುತ್ತದೆ. ಕಾಳು ಮತ್ತು ಸೊಪ್ಪನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಏರಿಕೆ ತಗ್ಗುವುದೂ ಪ್ರಯೋಗಗಳಲ್ಲಿ ಕಂಡಿದೆ. ತೋಟದ ಕೆಲಸದ ನಡುವೆ ಕುಡಿಯುವ ಟೀಗೆ ಪ್ರತಿ ಸಲ ಎರಡು ಚಮಚ ಸಕ್ಕರೆ ಬಿದ್ದರೆ ದಿನಕ್ಕೆ ನಾಲ್ಕು ಲೋಟದಲ್ಲಿ ನಲವತ್ತು ಗ್ರಾಂ ಆಯಿತು. ಮೊದಲು ಬಿಡಬೇಕಾದದ್ದು ಅದು. ಬೆಲ್ಲ ಹಾಕಿದರೂ ಲೆಕ್ಕ ಬದಲಾಗದು.

ಜೇನನ್ನೂ ಇದೇ ಸಾಲಿನಲ್ಲಿ ಇಡಬೇಕು. ಜೇನು ಕೀಳುವುದು ಇಲ್ಲಿನ ಕುರುಂಬರ ಮತ್ತು ಇರುಳರ ಹಿರಿಮೆಯ ವಿದ್ಯೆ. ಹೆಬ್ಬಂಡೆಗಳಿಂದ ಇಳಿದುಬರುವ ಆ ಜೇನಿನ ರುಚಿಗೆ ಸಾಟಿಯಿಲ್ಲ. ಆದರೆ ಜೇನಿನ ಸುಮಾರು ಶೇಕಡಾ 80ರಷ್ಟು ಭಾಗ ಸಕ್ಕರೆಗಳೇ. ಕಾಡಿನದು ಎಂಬ ಕಾರಣಕ್ಕೆ ಅದು ಷುಗರ್ ಇರುವವರಿಗೆ ನಿರಪಾಯವಾಗುವುದಿಲ್ಲ. ಪಶ್ಚಿಮ ಘಟ್ಟದ ಬಳ್ಳಿಯಾದ ಮಧುನಾಶಿನಿಯ ಎಲೆ ಅಗಿದರೆ ನಾಲಿಗೆಗೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯದಂತಾಗುವುದು ಸತ್ಯವೂ ಸೋಜಿಗವೂ ಹೌದು. ನಾಲಿಗೆಯ ಸಿಹಿ ಅಳಿದ ಮಾತ್ರಕ್ಕೆ ರಕ್ತದ ಸಕ್ಕರೆ ಹತೋಟಿಗೆ ಬಂತೆಂದು ನಂಬಿ ಗುಳಿಗೆ ಬಿಡುವುದು ಮಾತ್ರ ಅಪಾಯದ ದಾರಿ.

ಗುಳಿಗೆಯ ಕಥೆಯಲ್ಲೂ ಒಂದು ಗಿಡವಿದೆ ಎಂಬುದು ಮೂಲಿಕೆಯನ್ನು ನೆಚ್ಚುವವರಿಗೆ ಸಮಾಧಾನ ಕೊಡಬಹುದು. ಹೊಸ ರೋಗಿಗೆ ಸಾಮಾನ್ಯವಾಗಿ ಮೊದಲು ಬರೆಯುವ ಮೆಟ್‌ಫಾರ್ಮಿನ್ನಿನ ಮೂಲ ಯುರೋಪಿನ ಗಲೀಗಾ ಎಂಬ ಸಸ್ಯದಲ್ಲಿನ ರಾಸಾಯನಿಕದ ಬೆನ್ನು ಹತ್ತಿದ ಸಂಶೋಧನೆಯಲ್ಲಿದೆ. 1957ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟರ್ನ್ ಅದನ್ನು ಮಧುಮೇಹಕ್ಕೆ ಬಳಸಿದ ಫಲಿತಾಂಶವನ್ನು ಪ್ರಕಟಿಸಿದರು. ಅದರ ಮುಖ್ಯ ಕೆಲಸ ಯಕೃತ್ತು ಅನಗತ್ಯವಾಗಿ ಹೊರಬಿಡುವ ಗ್ಲುಕೋಸನ್ನು ತಗ್ಗಿಸುವುದು. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ಭೇದಿಯಾಗುವುದು ಉಂಟು. ಕಡಿಮೆ ಪ್ರಮಾಣದಿಂದ ಆರಂಭಿಸಿ ಊಟದ ಜೊತೆ ತೆಗೆದುಕೊಂಡರೆ ಬಹುಪಾಲು ಜನರಲ್ಲಿ ಅದು ತಾನಾಗಿ ಹೋಗುತ್ತದೆ. ಇದನ್ನು ಯಾರೂ ಹೇಳದೆ ಇರುವುದರಿಂದಲೇ ಎಷ್ಟೋ ಮಂದಿ ಮೊದಲ ತಿಂಗಳೇ ಗುಳಿಗೆ ಬಿಡುತ್ತಾರೆ. ಗ್ಲಿಮಿಪಿರೈಡ್‌ನಂಥ ಬೇರೆ ಕೆಲವು ಗುಳಿಗೆಗಳು ಮೇದೋಜೀರಕದಿಂದ ಇನ್ಸುಲಿನ್ನನ್ನು ಒತ್ತಾಯದಿಂದ ಹೊರಡಿಸುತ್ತವೆ. ಅವನ್ನು ನುಂಗಿ ಊಟ ತಪ್ಪಿಸಿದರೆ ಸಕ್ಕರೆ ತೀರಾ ಕುಸಿದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಬೆಳಗ್ಗೆ ಕಾಡಿಗೆ ಹೊರಟು ಮಧ್ಯಾಹ್ನದವರೆಗೂ ಗಸ್ತು ತಿರುಗುವ ಅರಣ್ಯ ಕಾವಲುಗಾರನ ಜೇಬಿನಲ್ಲಿ ಆ ಹೊತ್ತಿಗೆಂದು ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಬೇಕಾದದ್ದು ಇದಕ್ಕೇ. ಮನೆ ಬಾಗಿಲಿಗೇ ಬಂದು ರಕ್ತದೊತ್ತಡ, ಷುಗರ್ ನೋಡಿ ಗುಳಿಗೆ ಕೊಡುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿತು. ಬಸ್ಸಿಗೆ ಕಾಯುವ ಊರುಗಳಿಗೆ ಇದಕ್ಕಿಂತ ಉಪಯುಕ್ತವಾದ ಏರ್ಪಾಡು ಸಿಗುವುದು ಕಷ್ಟ.

ವೈದ್ಯರು ಹೇಳುವ ಇನ್ನೊಂದು ಮಾತು ನಡಿಗೆ. ಪೇಟೆಯವರಿಗೆ ಸುಲಭವಾದ ಈ ಸಲಹೆ ಮಸಿನಗುಡಿಯಲ್ಲಿ ಸುಲಭವಲ್ಲ. ಬೆಳಗಿನ ಜಾವ ಮತ್ತು ಸಂಜೆ ಮಬ್ಬು ಆನೆ, ಕಾಟಿ, ಕರಡಿಗಳ ಓಡಾಟದ ಸಮಯ. 2021ರಲ್ಲಿ ನಾಲ್ಕು ಜನರ ಸಾವಿಗೆ ಕಾರಣವೆಂದು ಹೇಳಲಾದ ಹುಲಿಯನ್ನು ಅಕ್ಟೋಬರ್ 15ರಂದು ಈ ಊರಿನ ಬಳಿಯೇ ಸೆರೆಹಿಡಿದರು. ದೂರ ನಡೆಯಲಾರದವರಿಗೆ ಸಮಾಧಾನದ ಸಂಗತಿಯೆಂದರೆ, ಸ್ನಾಯು ಕೆಲಸ ಮಾಡುವಾಗ ಅದರ ಕೋಶಗಳೊಳಗಿನ ಗ್ಲುಕೋಸ್ ವಾಹಕ ಪ್ರೋಟೀನುಗಳು ಇನ್ಸುಲಿನ್ನಿಗೆ ಕಾಯದೆ ಕೋಶದ ಹೊರಪೊರೆಗೆ ಬಂದು ಗ್ಲುಕೋಸನ್ನು ಒಳಗೆ ಸೆಳೆಯುತ್ತವೆ. ಮಂಕಾದ ಸಂಕೇತವನ್ನು ಬಳಸಿಕೊಳ್ಳದೆಯೇ ತೆರೆಯುವ ದಾರಿ ಇದು. ಊಟವಾದ ಅರ್ಧ ಗಂಟೆಯೊಳಗೆ ಮನೆಯಂಗಳದಲ್ಲೇ ಹತ್ತು ಹದಿನೈದು ನಿಮಿಷ ಓಡಾಡಿದರೂ ಆ ಹೊತ್ತಿನ ಏರಿಕೆ ತಗ್ಗುತ್ತದೆ. ಕುಕ್ಕುರುಗಾಲಲ್ಲಿ ಕೂತು ಏಳುವ ಬಸ್ಕಿ ತೊಡೆಯ ದೊಡ್ಡ ಸ್ನಾಯುಗಳನ್ನು ದುಡಿಸುತ್ತದೆ, ಅದಕ್ಕೆ ರಸ್ತೆಯೂ ಬೇಡ.

ಕಾಯಿಲೆ ಪತ್ತೆಯಾಗಿ ಕೆಲವೇ ವರ್ಷಗಳಾದವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಕರಗಿದರೆ ಬೀಟಾ ಕೋಶಗಳು ಮತ್ತೆ ಚೇತರಿಸಿಕೊಳ್ಳಬಲ್ಲವು ಎಂಬುದನ್ನು ಬ್ರಿಟನ್ನಿನ ರಾಯ್ ಟೇಲರ್, ಮೈಕಲ್ ಲೀನ್ ಮತ್ತವರ ಸಹೋದ್ಯೋಗಿಗಳು 2017ರ ಕೊನೆಗೆ ತೋರಿಸಿಕೊಟ್ಟರು. ವೈದ್ಯರ ನಿಗಾದಲ್ಲಿ ಕೆಲವು ತಿಂಗಳು ಬಹು ಮಿತವಾದ ಆಹಾರ ಪಡೆದ ಸ್ಥೂಲ ದೇಹದ ರೋಗಿಗಳಲ್ಲಿ ಶೇಕಡಾ 46ರಷ್ಟು ಮಂದಿ ಒಂದು ವರ್ಷದ ನಂತರ ಗುಳಿಗೆಯಿಲ್ಲದೆ ಮಧುಮೇಹದ ಗಡಿಯ ಕೆಳಗಿದ್ದರು. ಎರಡು ವರ್ಷಕ್ಕೆ ಆ ಪ್ರಮಾಣ 36ಕ್ಕೆ ಇಳಿಯಿತು. ಇದು ಪೂರ್ತಿ ಗುಣವಲ್ಲ, ಬಿಡುವು. ಮೊದಲೇ ಸೊರಗಿದ ಮೈಯವರು ಹೊಟ್ಟೆ ಕಟ್ಟಿ ಇದನ್ನು ಅನುಕರಿಸುವುದೂ ಸರಿಯಲ್ಲ. ಅವರಿಗೆ ಬೇಕಾದದ್ದು ಸ್ನಾಯು ಬೆಳೆಸುವ ಕಾಳು, ಮೊಟ್ಟೆ ಮತ್ತು ದುಡಿಮೆ. ಅಂತೂ ಮೊದಲ ವರ್ಷಗಳಲ್ಲಿ ಪಟ್ಟ ಶ್ರಮಕ್ಕೆ ಬೆಲೆ ಹೆಚ್ಚು. ಮೇಲೆ ಹೇಳಿದ ಬ್ರಿಟಿಷ್ ಅಧ್ಯಯನ ಮುಗಿದು ಹತ್ತು ವರ್ಷಗಳಾದ ಮೇಲೂ, ಆರಂಭದಿಂದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಿದ್ದವರಲ್ಲಿ ಕಣ್ಣು, ಮೂತ್ರಪಿಂಡಗಳ ತೊಂದರೆಯೂ ಹೃದಯಾಘಾತವೂ ಕಡಿಮೆಯಿದ್ದುವು. ವಿಚಿತ್ರವೆಂದರೆ ಅಷ್ಟರಲ್ಲಿ ಎರಡೂ ಗುಂಪುಗಳ ಸಕ್ಕರೆಯ ಮಟ್ಟ ಒಂದೇ ಆಗಿತ್ತು. ಮೊದಲ ದಿನಗಳ ಆರೈಕೆಯನ್ನು ದೇಹ ನೆನಪಿಟ್ಟುಕೊಂಡಂತಿದೆ.

ಮನಸ್ಸಿನ ಭಾರವೂ ಈ ಕಾಯಿಲೆಯ ಭಾಗವೇ. ದಿನವೂ ತಟ್ಟೆಯ ಮುಂದೆ ಲೆಕ್ಕ ಹಾಕುವುದು, ಮಾರಿಹಬ್ಬದ ಊಟದಲ್ಲಿ ಬೇಡವೆನ್ನುವುದು, ಪರೀಕ್ಷೆಯ ಹಿಂದಿನ ರಾತ್ರಿಯ ಆತಂಕ, ಇವೆಲ್ಲ ಸೇರಿ ಬರುವ ಬೇಗುದಿಯನ್ನು 1990ರ ದಶಕದಿಂದ ಮನೋವಿಜ್ಞಾನಿಗಳು ಖಿನ್ನತೆಗಿಂತ ಬೇರೆಯಾದ ಒಂದು ಸ್ಥಿತಿಯೆಂದು ಗುರುತಿಸಿ ಅಳೆಯುತ್ತಿದ್ದಾರೆ. ಅದಕ್ಕೆ ಕಂಡುಬಂದ ಮದ್ದುಗಳಲ್ಲಿ ದೊಡ್ಡದು ಜೊತೆಗಾರಿಕೆ. ಮನೆಮಂದಿಯೆಲ್ಲ ಒಂದೇ ಅಡುಗೆ ಉಣ್ಣುವ ಮನೆಯಲ್ಲಿ ರೋಗಿ ಒಂಟಿಯಾಗುವುದಿಲ್ಲ. ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ ಎಂದಾಗಲೇ ಬೇಸರ ಹುಟ್ಟುವುದು.

ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಕಣ್ಣಿನ ಅಕ್ಷಿಪಟಲವನ್ನು ನೋಡಿಸಬೇಕು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಕಾಲಿನ ವಿಷಯ ಮಾತ್ರ ದಿನದ ಕೆಲಸ. ಬರಿಗಾಲಲ್ಲಿ ಕಾಡು ಹೊಲಗಳಲ್ಲಿ ತಿರುಗುವವರ ನರಗಳು ಸಕ್ಕರೆಯಿಂದ ಮರಗಟ್ಟಿದ್ದರೆ ಮುಳ್ಳು ಚುಚ್ಚಿದ್ದೂ ಉಣ್ಣೆ ಕಚ್ಚಿದ್ದೂ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಎರಡೂ ಅಂಗಾಲುಗಳನ್ನು ಮನೆಯವರೊಬ್ಬರು ನೋಡಿದರೆ ಒಂದು ಕಾಲು ಉಳಿಯಬಹುದು.

ಈ ಕಾಯಿಲೆಯ ಬೇರು ತಾಯಿಯ ಹೊಟ್ಟೆಯವರೆಗೂ ಹೋಗಿರುವುದನ್ನು ಮೈಸೂರಿನ ಹಳೆಯ ದಾಖಲೆಗಳು ತೋರಿಸಿವೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಗುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. 1998ರಲ್ಲಿ ಇದು ಪ್ರಕಟವಾಯಿತು. ಬಸುರಿನಲ್ಲಿ ತಾಯಿಯ ಸಕ್ಕರೆ ಏರಿದ್ದರ ಪರಿಣಾಮ ಇದಾಗಿರಬಹುದೇ ಎಂದು ನೋಡಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇಕಡಾ ಆರರಷ್ಟು ಮಂದಿಗೆ ಗರ್ಭಕಾಲದ ಮಧುಮೇಹ ಕಂಡಿತು. ಅವರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವರ್ಷಕ್ಕಾಗಲೇ ಕೊಬ್ಬಿನಂಶ ಹೆಚ್ಚಿತ್ತು. ಆದ್ದರಿಂದ ಒಬ್ಬರಿಗೆ ಷುಗರ್ ಪತ್ತೆಯಾದ ಮನೆಯಲ್ಲಿ ಅಕ್ಕ ತಂಗಿಯರ, ಮಗಳ, ಸೊಸೆಯ ಪರೀಕ್ಷೆಯೂ ಬಾಕಿಯಿದೆ ಎಂದೇ ತಿಳಿಯಬೇಕು. ಬಸುರಿಯರಿಗಾಗಿ ಭಾರತದ ತಜ್ಞರು ರೂಪಿಸಿದ ಪರೀಕ್ಷೆಗೆ ಖಾಲಿ ಹೊಟ್ಟೆಯ ಅಗತ್ಯವಿಲ್ಲ. ಊಟ ಮಾಡಿದ್ದರೂ ಮಾಡದಿದ್ದರೂ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ಒಂದೇ ಸಲ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆರೈಕೆ ಅಂದೇ ಶುರು. ಹಾಡಿಯಿಂದ ಬೆಳಗಿನ ಬಸ್ಸಿಗೆ ಬಂದ ಹೆಣ್ಣುಮಗಳು ಮಧ್ಯಾಹ್ನದ ಬಸ್ಸಿಗೆ ಉತ್ತರದೊಂದಿಗೆ ಹಿಂದಿರುಗಬಹುದು.